ಹಾವು ಕಡಿತ ಅಂತ ಬರೆದದ್ದು ನಾನೇ

ತಿಂಗಳ ಕೊನೆಯ ವಾರದಲ್ಲಿ ನಮಗೆ ಮೀಟಿಂಗು. ಸುತ್ತಲಿನ ಹಳ್ಳಿಗಳ ನರ್ಸುಗಳೆಲ್ಲ ಆಸ್ಪತ್ರೆಯ ವರಾಂಡದಲ್ಲಿ ಚಾಪೆ ಹಾಸಿಕೊಂಡು ಕೂತು, ಆ ತಿಂಗಳು ಎಷ್ಟು ಹುಟ್ಟಿದವು, ಎಷ್ಟು ಸತ್ತವು, ಎಷ್ಟು ಜನಕ್ಕೆ ಆಪರೇಷನ್ ಮಾಡಿಸಿದೆವು ಅಂತ ಫಾರಂ ತುಂಬಬೇಕು. ಆಪರೇಷನ್ ಕಡಿಮೆಯಾದರೆ ಎಲ್ಲರೆದುರಿಗೇ ಬೈಗುಳ. ಸಾವು ಹೆಚ್ಚಾದರೆ ಯಾರೂ ಬೈಯುತ್ತಿರಲಿಲ್ಲ. ಸಾವಿನ ಹಾಳೆಯಲ್ಲಿ ಕಾರಣಕ್ಕೆ ಅಂತ ಅಚ್ಚು ಹಾಕಿದ ಕಾಲಂಗಳಿದ್ದವು: ಜ್ವರ, ಕೆಮ್ಮು, ಭೇದಿ, ಹೆರಿಗೆ, ಮುಪ್ಪು, ಅಪಘಾತ, ಹಾವು ಕಡಿತ. ಕೊನೆಯಲ್ಲಿ 'ಇತರೆ' ಅಂತ ಒಂದು. ಅದಕ್ಕೆ ಗುರುತು ಹಾಕಿದರೆ ಗುಮಾಸ್ತ, 'ಇತರೆ ಅಂದ್ರೇನಮ್ಮಾ? ಪೂರ್ತಿ ವಿವರ ಬರ್ಕೊಂಡು ಬನ್ನಿ' ಅಂತ ಹಾಳೆಯನ್ನು ವಾಪಸು ಎಸೆಯುತ್ತಿದ್ದ. ಹಾಗಾಗಿ ನಮ್ಮ ಕಡೆ ಯಾರೂ 'ಇತರೆ'ಯಿಂದ ಸಾಯುತ್ತಿರಲಿಲ್ಲ. ಎಲ್ಲರೂ ಕಾಲಂ ಇರುವ ಕಡೆಯೇ ಸಾಯುತ್ತಿದ್ದರು.

ತೊಂಬತ್ತರ ದಶಕದ ಮೊದಲ ವರ್ಷಗಳವು. ನಾನಿದ್ದದ್ದು ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಸಂತೆಬಾಚಹಳ್ಳಿಯಿಂದ ಇನ್ನೂ ಒಳಗೆ ಹೋಗಬೇಕಾದ ಒಂದು ಊರಿನಲ್ಲಿ. ಊರಿನ ಹೆಸರು ಬೇಡ. ಅಲ್ಲಿನವರು ಈಗಲೂ ನನ್ನನ್ನು ಕಂಡರೆ ನರ್ಸಮ್ಮ ಅನ್ನುತ್ತಾರೆ, ಕಾಫಿ ಕುಡಿಯದೆ ಕಳಿಸುವುದಿಲ್ಲ. ಒಂದು ಮನೆಯವರನ್ನು ಬಿಟ್ಟು.

ಆ ಮನೆ ಹಾಲಿನ ಡೇರಿಯ ಮಗ್ಗುಲಲ್ಲಿತ್ತು. ಗದ್ದೆ, ಒಂದಿಷ್ಟು ಕಬ್ಬು, ಎರಡು ಸೀಮೆ ಹಸು. ಗಂಡ ಹೆಂಡತಿ ಅಂದರೆ ಸೋದರಮಾವ ಮತ್ತು ಅಕ್ಕನ ಮಗಳು. ನಮ್ಮ ಕಡೆ ಅದೇನೂ ವಿಶೇಷವಲ್ಲ, ಸಂಬಂಧ ಹೊರಗೆ ಹೋಗದ ಹಾಗೆ ಕೊಟ್ಟು ತರುತ್ತಾರೆ. ಮೂರು ಮಕ್ಕಳು: ದೊಡ್ಡವನು ಗಂಡು, ಅವನ ಹಿಂದೆ ಇಬ್ಬರು ಹೆಣ್ಣು. ಕೊನೆಯವಳನ್ನು ಹೆರಿಗೆ ಮಾಡಿಸಿದವಳು ನಾನೇ. ಒಂದು ಸಲವೂ ಚೀರದೆ, ಹಲ್ಲು ಕಚ್ಚಿಕೊಂಡು ಹೆತ್ತ ತಾಯಿ ಅವಳು. ಮುಗಿದ ಮೇಲೆ, 'ಇನ್ ಸಾಕು ಕಣಿ ನರ್ಸಮ್ಮ, ನಿಮ್ ಆಪ್ರೇಸನ್‌ಗೆ ನನ್ ಎಸ್ರು ಬರ್ಕೊಳಿ' ಅಂದಿದ್ದಳು. ಅವಳ ಮೇಲೆ ನನಗೆ ಅಂದಿನಿಂದಲೂ ಒಂದು ಮಮತೆ.

ದೊಡ್ಡ ಮಗನಿಗೆ ಹದಿನೆಂಟು ತುಂಬಿತ್ತು. ಒಂದು ಬೆಳಿಗ್ಗೆ, ಡೇರಿಯಲ್ಲಿ ಹಾಲು ಅಳೆಯುವ ಹೊತ್ತಿನಲ್ಲಿ, ಕರು ಹಗ್ಗ ಕಿತ್ತುಕೊಂಡು ಗದ್ದೆಯತ್ತ ಓಡಿತು. ಇವನು ನಗುತ್ತ ಅದರ ಹಿಂದೆ ಓಡಿದ. ಎರಡು ಗದ್ದೆ ದಾಟಿ ಬದುವಿನ ಮೇಲೆ ಮುಗ್ಗರಿಸಿದವನ ಹಾಗೆ ಬಿದ್ದ. ಜನ ಹೋಗಿ ಎತ್ತುವಷ್ಟರಲ್ಲಿ ತುಟಿ ನೀಲಿಗಟ್ಟಿತ್ತು, ಬಾಯಲ್ಲಿ ನೊರೆ ಬಂದಿತ್ತು. ನನ್ನನ್ನು ಕೂಗಿಕೊಂಡರು. ನಾನು ಹೋದಾಗ ನಾಡಿ ಇರಲಿಲ್ಲ.

ನಾನು ಅವನ ಪಂಚೆ ಸರಿಸಿ ಪಾದ, ಹಿಮ್ಮಡಿ, ಮೀನಖಂಡ, ಬೆರಳುಗಳ ಸಂದು ಎಲ್ಲ ನೋಡಿದೆ. ಒಂದು ಗೀರೂ ಇರಲಿಲ್ಲ, ಬಾವು ಇರಲಿಲ್ಲ. ವಿಷ ಇಳಿಸುತ್ತೇನೆನ್ನುವ ಮುದುಕನೊಬ್ಬ ಊರಿನಲ್ಲಿದ್ದ. ಅವನೂ ನೋಡಿ, ನನಗಿಂತ ಬೇಗ ತೀರ್ಮಾನಕ್ಕೆ ಬಂದ.

'ಕಚ್ಚೇ ಸಾಯ್ಬೇಕು ಅಂತೇನಿಲ್ಲ ಕಣವ್ವ. ಅದ್ರ ಉಸ್ರು ತಾಕುದ್ರೂ ಸಾಕು. ಬದಿನ್ ಮ್ಯಾಲೆ ಅದ್ರ ಓಡಾಟ ಐತೆ.'

ಇಷ್ಟೇ ಆಗಿದ್ದರೆ ನಾನು ಅವನನ್ನು ಗದರಿ ಕಳಿಸುತ್ತಿದ್ದೆ. ಬಾಯಾಳಿ ಅಂತ ಹೆಸರು ತೆಗೆದುಕೊಂಡವಳು ನಾನು. ಆದರೆ ಡೇರಿಯ ಹತ್ತಿರ ಆಗಲೇ ಇನ್ನೊಂದು ಗುಸುಗುಸು ಎದ್ದಿತ್ತು: 'ಔಸ್ದಿ ಕುಡ್ದವ್ನಂತೆ ಕಣ್ಲಾ, ಯಾವ್ದೋ ಹುಡ್ಗಿ ಇಸ್ಯ.' ಔಷಧಿ ಅಂದರೆ ಬೆಳೆಗೆ ಹೊಡೆಯುವ ಔಷಧಿ. ನಗುತ್ತ ಕರುವಿನ ಹಿಂದೆ ಓಡಿದ್ದನ್ನು ಕಣ್ಣಾರೆ ಕಂಡವರೇ ಈ ಮಾತು ಆಡುತ್ತಿದ್ದರು. ಅದು ಹಬ್ಬಿದರೆ ಪೊಲೀಸರು ಬರುತ್ತಾರೆ, ಹೆಣ ಕುಯ್ಯುತ್ತಾರೆ, ಇಬ್ಬರು ಹೆಣ್ಣುಮಕ್ಕಳಿರುವ ಮನೆಗೆ ಕೆಟ್ಟ ಹೆಸರು ಬರುತ್ತದೆ. ಯಜಮಾನ ನನ್ನೆದುರು ಕೈ ಮುಗಿದು ನಿಂತ.

'ಆವು ಅಂತ್ಲೇ ಬರ್ಕೊಬುಡಿ ನರ್ಸಮ್ಮ. ನಿಮ್ಮ ದಮ್ಮಯ್ಯ ಅಂತೀನಿ. ಆವ್ಗೆ ಯಾರ್ ಏನ್ ಅನ್ತಾರೆ?'

ಬರೆದೆ. ಹಾವು ಕಡಿತಕ್ಕೆ ಕಾಲಂ ಇತ್ತು. ಗುಮಾಸ್ತ ಕಣ್ಣೆತ್ತಿಯೂ ನೋಡದೆ ಹಾಳೆ ತೆಗೆದುಕೊಂಡ. ಉಪಕಾರ ಮಾಡಿದೆ ಅಂದುಕೊಂಡೆ. ಆ ತಾಯಿಯೂ ಹಾಗೇ ಅಂದಳು. ಆಗ ನನಗೆ ತೃಪ್ತಿಯೇ ಆಗಿತ್ತು ಅನ್ನುವುದನ್ನು ಮುಚ್ಚಿಡುವುದಿಲ್ಲ.

ಅವರು ಶ್ರೀರಂಗಪಟ್ಟಣಕ್ಕೆ ಹೋಗಿ ಹೊಳೆಯ ದಂಡೆಯಲ್ಲಿ ಶಾಂತಿ ಮಾಡಿಸಿ ಬಂದರು. ಊರ ಅರಳಿಮರದ ಕೆಳಗೆ ಹೊಸ ನಾಗರಕಲ್ಲು ನೆಟ್ಟರು. ಬದುವಿನ ಹತ್ತಿರದ ಹುತ್ತಕ್ಕೆ ಆ ತಾಯಿ ತಪ್ಪದೆ ತನಿ ಎರೆದಳು. ಮನೆಗೆ 'ಹಾವಿನ ಮನೆ' ಅಂತಲೇ ಹೆಸರು ಬಿತ್ತು, ಬರೀ ಬಾಯಿಮಾತಿಗೆ. ಹುಡುಗರು ಆ ಬದುವಿನ ಮೇಲೆ ನಡೆಯುವುದನ್ನೇ ಬಿಟ್ಟರು.

ಮಾರನೆಯ ವರ್ಷವೋ ಅದರ ಮಾರನೆಯ ವರ್ಷವೋ, ಒಂದು ಮೀಟಿಂಗಿನಲ್ಲಿ ಡಾಕ್ಟರು ಸಂತೋಷದ ಸುದ್ದಿ ಹೇಳಿದರು. 'ನಿಮ್ಮ ರಿಪೋರ್ಟುಗಳನ್ನ ಮೇಲಿನವರು ಓದ್ತಾರೆ, ಸುಮ್ನೆ ಮೂಲೆಗೆ ಹಾಕಲ್ಲ. ನೋಡಿ, ನಮ್ಮ ಕಡೆ ಹಾವಿನ ಕಾಟ ಜಾಸ್ತಿ ಅಂತ ಔಷಧಿ ಕಳಿಸಿದ್ದಾರೆ.' ಲಸಿಕೆಯ ಫ್ರಿಜ್ಜಿನಲ್ಲಿ ಸಾಲಾಗಿ ನಿಲ್ಲಿಸಿದ ಸಣ್ಣ ಬಾಟಲಿಗಳನ್ನು ತೋರಿಸಿದರು. ವರಾಂಡದಲ್ಲಿ ಕೂತಿದ್ದವರಲ್ಲಿ ಸುಳ್ಳು ಹಾವು ಬರೆದವಳು ನಾನೊಬ್ಬಳೇ ಅಲ್ಲ ಅನ್ನುವುದು, ಕೆಲವರು ತಲೆ ತಗ್ಗಿಸಿದ್ದರಲ್ಲೇ ತಿಳಿಯಿತು. ಯಾರಿಗೂ ಎದೆ ಪರೀಕ್ಷೆ ಮಾಡುವ ಯಂತ್ರ ಕಳಿಸಬೇಕೆಂದು ತೋಚಲಿಲ್ಲ. ತೋಚುವುದಾದರೂ ಹೇಗೆ? ನಮ್ಮ ಹಾಳೆಗಳ ಪ್ರಕಾರ ಎಳೆಯರ ಎದೆಗಳೆಲ್ಲ ಚೆನ್ನಾಗಿದ್ದವು.

ಆಮೇಲೆ ಶ್ರೀರಂಗಪಟ್ಟಣದಲ್ಲಿ ನಮಗೆ ಮೂರು ದಿನದ ತರಬೇತಿ ಆಯಿತು. ನಾಲ್ಕೈದು ತಾಲ್ಲೂಕಿನ ನರ್ಸುಗಳು. ಮೊದಲೆರಡು ದಿನ ಓ.ಆರ್.ಎಸ್. ಕಲಸುವುದನ್ನೇ ಮತ್ತೆ ಮತ್ತೆ ಹೇಳಿಕೊಟ್ಟರು, ನಾವೇನು ಅದನ್ನು ಕಂಡೇ ಇಲ್ಲವೇನೋ ಅನ್ನುವ ಹಾಗೆ. ಮೂರನೆಯ ದಿನ ಮೈಸೂರಿನಿಂದ ಹೃದಯದ ಡಾಕ್ಟರೊಬ್ಬರು ಬಂದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಅವರು ಪಾಠ ಮಾಡಲಿಲ್ಲ, ಒಂದು ಪ್ರಶ್ನೆ ಕೇಳಿದರು.

'ಚೆನ್ನಾಗಿ ಆಡಿಕೊಂಡಿದ್ದ ಮಗು ಓಡುವಾಗ, ಈಜುವಾಗ, ಬೆಚ್ಚಿಬಿದ್ದಾಗ ಹಾಗೇ ಕುಸಿದು ಸತ್ತುಹೋದರೆ ನೀವು ಏನಂತ ಬರೀತೀರಿ?'

ಅವರೇ ಮುಂದುವರಿಸಿದರು. ಅಂಥ ಎದೆಯ ಕಾಯಿಲೆಗಳಿವೆ. ನೋಡಲು ಆರೋಗ್ಯವಾಗಿರುತ್ತಾರೆ, ರಕ್ತಸಂಬಂಧದಲ್ಲಿ ಇಳಿದು ಬರುತ್ತದೆ, ಒಂದು ಮನೆಯಲ್ಲಿ ಒಬ್ಬರು ಹೋದರೆ ಉಳಿದ ಮಕ್ಕಳಿಗೆ ಇ.ಸಿ.ಜಿ. ತೆಗೆಸಬೇಕು, ಕೆಲವರನ್ನು ಬರೀ ಮಾತ್ರೆಯಲ್ಲೇ ಉಳಿಸಬಹುದು. 'ಆದರೆ ನೀವು ಬರೆಯದಿದ್ದರೆ ನಮಗೆ ಗೊತ್ತಾಗೋದೇ ಇಲ್ಲ. ನಾವು ಎಲ್ಲಿ ಅಂತ ಹುಡುಕೋಣ ಹೇಳಿ?'

ಚಹಾದ ಹೊತ್ತಿಗೆ ಪಾಂಡವಪುರ ಕಡೆಯ ನರ್ಸೊಬ್ಬಳು ನನ್ನ ಪಕ್ಕ ಬಂದು ನಿಂತಳು. ಹಿಂದೆ ನರ್ಸಿಂಗ್ ಕಲಿಯುವಾಗ ನನ್ನ ಜೊತೆಗೆ ಓದಿದವಳು. 'ಅವರು ಹೇಳಿದ್ದು ಕೇಳಿ ನನಗೆ ಊಟ ಸೇರಲ್ಲ ಅನ್ನಿಸ್ತಿದೆ ಕಣೆ' ಅಂದಳು. ಅವಳ ಊರಿನಲ್ಲಿ, ಮದುವೆಯಾಗಿ ಬಂದಿದ್ದ ಹುಡುಗಿಯೊಬ್ಬಳು ನಾಲೆಯಲ್ಲಿ ಬಟ್ಟೆ ಒಗೆಯುವಾಗ ತಣ್ಣೀರಿಗೆ ಇಳಿದವಳೇ ಹೋಗಿಬಿಟ್ಟಿದ್ದಳಂತೆ. ನೀರು ಮೊಳಕಾಲಿನ ಮಟ್ಟ. ಇವಳು 'ನೀರಿಗೆ ಬಿದ್ದು' ಅಂತ ಬರೆದು ಕೈತೊಳೆದುಕೊಂಡಿದ್ದಳು. ಆ ಹುಡುಗಿಯ ತವರು ಯಾವುದು ಅಂದೆ. ಹೇಳಿದಳು. ತಾಯಿಯ ಊರು ಯಾವುದು ಅಂದೆ. ನನ್ನ ಊರಿನ ಹೆಸರನ್ನೂ ಮನೆಯ ಗುರುತನ್ನೂ ಹೇಳಿದಳು. ಡೇರಿ ಪಕ್ಕದ ಮನೆಯ ಯಜಮಾನನ ತಂಗಿಯ ಮಗಳು ಅವಳು.

ಒಂದು ಸಾವು ಕೆ.ಆರ್. ಪೇಟೆಯ ಹಾಳೆಯಲ್ಲಿ ಹಾವಾಗಿತ್ತು, ಒಂದು ಪಾಂಡವಪುರದ ಹಾಳೆಯಲ್ಲಿ ನೀರಾಗಿತ್ತು. ಎರಡು ತಾಲ್ಲೂಕಿನ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡುವವರು ಯಾರೂ ಇರಲಿಲ್ಲ. ಇಟ್ಟು ನೋಡಿದ್ದರೂ ಏನೂ ಕಾಣುತ್ತಿರಲಿಲ್ಲ, ಅಷ್ಟು ಚೆನ್ನಾಗಿ ಬರೆದಿದ್ದೆವು.

ನಾನು ಆವತ್ತೇ ಆ ಡಾಕ್ಟರ ಹತ್ತಿರ ಹೋಗಿ ಹೇಳಬೇಕಿತ್ತು. ಹೋಗಲಿಲ್ಲ. ಊರಿಗೆ ಹೋದ ಮೇಲೆ ಮನೆಯವರಿಗೆ ಹೇಳೋಣ ಅಂದುಕೊಂಡೆ. ಹೇಳಿದರೆ, 'ಹಾಗಾದ್ರೆ ನೀವ್ ಬರ್ದಿದ್ದು ಸುಳ್ಳಾ?' ಅಂತ ಯಾರಾದರೂ ಕೇಳುತ್ತಾರೆ. ಸರ್ಕಾರಿ ರಿಜಿಸ್ಟರಿನಲ್ಲಿ ಬೇಕೆಂದು ಸುಳ್ಳು ಬರೆದದ್ದು ಹೊರಬಿದ್ದರೆ ನನ್ನ ಕೆಲಸದ ಗತಿ? ಗಂಡನಿಲ್ಲದ ಹೆಂಗಸು ನಾನು, ಕೆಲಸ ಒಂದೇ ನನ್ನ ಆಸರೆ. ಇವತ್ತು ನಾಳೆ ಅಂತ ತಳ್ಳಿದೆ. ಹಳ್ಳಿಯಲ್ಲಿ ನರ್ಸಿಗೆ ಬೇರೆ ಕೆಲಸಕ್ಕೇನು ಬರವೇ? ನೆವ ಬೇಕಾದಷ್ಟು ಸಿಕ್ಕವು.

ಆ ಮನೆಯ ದೊಡ್ಡ ಹುಡುಗಿ ಹತ್ತನೇ ಕ್ಲಾಸು ಮುಗಿಸಿ ಮನೆಯಲ್ಲಿದ್ದಳು. ಅಣ್ಣನ ಹಾಗೇ ಯಾವಾಗಲೂ ನಗುಮುಖ. ಸಂತೆಯ ದಿನ ಹೊರಟುಬಿಟ್ಟಿದ್ದ ಬಸ್ಸನ್ನು ಹಿಡಿಯಲು ಓಡಿದವಳು ರಸ್ತೆಯಲ್ಲೇ ಬಿದ್ದಳು. ಈ ಸಲ ಅದೃಷ್ಟ ದೊಡ್ಡದು. ಕ್ಷಣದಲ್ಲೇ ಮೈ ಅಲುಗಿತು, ಕಣ್ಣು ಬಿಟ್ಟಳು. ಅದೇ ಬಸ್ಸಿಗೆ ಎತ್ತಿ ಹಾಕಿಕೊಂಡು ನಮ್ಮ ಆಸ್ಪತ್ರೆಗೆ ತಂದರು. ಆವತ್ತು ನಾನು ಲಸಿಕೆ ತೆಗೆದುಕೊಂಡು ಹೋಗಲು ಅಲ್ಲೇ ಇದ್ದೆ.

ಹಿಂದೆ ಬಂದಿದ್ದ ಯಜಮಾನ ಬಾಗಿಲಲ್ಲೇ ಕೂಗಿದ: 'ಆವು ಸಾರ್, ಆವು! ನಮ್ಮನೇಗೆ ಅದ್ರುದೇ ಕಾಟ. ಮಗನ್ನೂ ಅದೇ ತಕ್ಕೊಂಡೋಯ್ತು.'

ಡಾಕ್ಟರು ಹುಡುಗಿಯ ಕಾಲು ನೋಡಿದರು. ಏನೂ ಕಾಣಲಿಲ್ಲ. ಮುಖದಲ್ಲಿ ಅನುಮಾನ ಮೂಡಿದ್ದು ನನಗೆ ಸ್ಪಷ್ಟವಾಗಿ ಕಂಡಿತು. ಕೈ ತೊಳೆಯುತ್ತ ನನ್ನ ಕಡೆ ತಿರುಗಿ ಕೇಳಿದರು.

'ಸಿಸ್ಟರ್, ಇವರಣ್ಣ ಹಾವು ಕಚ್ಚೇ ಸತ್ತಿದ್ದು ತಾನೇ? ನಿಮ್ಮದೇ ಏರಿಯಾ. ನೀವು ನೋಡಿದ್ರಾ?'

ನಾನು ಕಾದಿದ್ದ ಬಾಗಿಲು ಆ ಡಾಕ್ಟರೇ ತೆರೆದು ಹಿಡಿದಿದ್ದರು. ಒಂದು ಮಾತು ಸಾಕಿತ್ತು. ಯಜಮಾನ ನನ್ನನ್ನೇ ನೋಡುತ್ತಿದ್ದ. ಆ ಹುಡುಗಿಗೆ ಬೆಳ್ಳೂರು ಕಡೆಯ ಗಂಡು ಗೊತ್ತಾಗಿತ್ತು, ಅದು ಅವನಿಗೂ ನನಗೂ ಗೊತ್ತಿತ್ತು.

'ಹೌದು ಸಾರ್, ಹಾವೇ' ಅಂದೆ.

ಫ್ರಿಜ್ಜಿನಿಂದ ಬಾಟಲಿ ಬಂತು. ಹುಡುಗಿಗೆ ಡ್ರಿಪ್ ಹಾಕಿ ಔಷಧಿ ಬಿಟ್ಟರು. ಮೈಯೆಲ್ಲ ದದ್ದು ಎದ್ದು ಕೆರೆದುಕೊಂಡಳು, ಸಂಜೆಗೆ ಸರಿಹೋದಳು. ಆ ತಿಂಗಳ ರಿಪೋರ್ಟಿನಲ್ಲಿ 'ಹಾವು ಕಡಿತ, ಗುಣಮುಖ' ಅಂತ ಸೇರಿತು. ಸಕಾಲಕ್ಕೆ ಮಾಹಿತಿ ಕೊಟ್ಟ ಸಿಸ್ಟರ್ ಅಂತ ಡಾಕ್ಟರು ಮೀಟಿಂಗಿನಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಚಪ್ಪಾಳೆ ತಟ್ಟಿದರು. ನಾಚಿಕೆಗೆಟ್ಟ ನಾನು ಕೈ ಮುಗಿದೆ.

ಆ ಚಪ್ಪಾಳೆಯೇ ನನ್ನನ್ನು ಆ ಮನೆಯ ಹಿತ್ತಿಲಿಗೆ ಓಡಿಸಿತು. ತಾಯಿ ಹಸುವಿಗೆ ಬೂಸಾ ಕಲಸುತ್ತಿದ್ದಳು. ಮೈಸೂರಿಗೆ ಕರೆದುಕೊಂಡು ಹೋಗಿ ಎದೆ ತೋರಿಸಿ ಅಂದೆ. ಹಾವಿನ ಮಾತು ಎತ್ತಲಿಲ್ಲ; ನಾಲೆಯಲ್ಲಿ ಹೋದ, ಯಜಮಾನನ ತಂಗಿಯ ಮಗಳ ಮಾತನ್ನೂ ಎತ್ತಲಿಲ್ಲ. 'ಬಿದ್ದವಳಲ್ಲವಾ, ಒಂದ್ಸಲ ತೋರಿಸೋದು ಒಳ್ಳೇದು' ಅಂತ ಅರ್ಧ ನುಂಗಿ ಹೇಳಿದೆ. ಅರ್ಧ ಹೇಳಿದ್ದಕ್ಕೆ ಅರ್ಧವೇ ಉತ್ತರ ಬಂತು.

'ಲಗ್ನ ಕಟ್ಸಾಗೈತೆ ನರ್ಸಮ್ಮ. ಈಗ ಎದೆ ಗಿದೆ ಅಂತ ಮೈಸೂರ್ಗೆ ಓದ್ರೆ ಬೀಗ್ರ ಕಿವಿಗ್ ಬೀಳ್ದೆ ಇದ್ದದಾ? ಮದ್ವೆ ಒಂದ್ ಆಗ್ಬುಡ್ಲಿ. ಆಮೇಲ್ ತೋರುಸ್ತೀವಿ.'

ಆಗಲಿ ಅಂದೆ. ಆಗಲಿ ಅನ್ನಲು ನಾನ್ಯಾರು? ಮದುವೆಗೆ ಹೋದೆ, ಅಕ್ಷತೆ ಹಾಕಿದೆ, ಎರಡು ಸಲ ಪಾಯಸ ಹಾಕಿಸಿಕೊಂಡು ಉಂಡು ಬಂದೆ. ಹುಡುಗಿ ನಾಗಮಂಗಲ ತಾಲ್ಲೂಕಿಗೆ ಹೋದಳು. ನನ್ನ ಏರಿಯಾದಿಂದ ಹೊರಗೆ. ನಿಜ ಹೇಳಬೇಕೆಂದರೆ, ಅದು ನನಗೆ ನೆಮ್ಮದಿಯೇ ಆಗಿತ್ತು.

ವರ್ಷ ತುಂಬಲಿಲ್ಲ. ಗಂಡ ಹೆಂಡತಿ ತವರಿಗೆ ಬರುವುದಕ್ಕೆ ಬೆಳ್ಳೂರು ಕ್ರಾಸಿನಲ್ಲಿ ಬಸ್ಸು ಕಾಯುತ್ತ ನಿಂತಿದ್ದರು. ಗಂಡ ಎಳನೀರು ಕೊಡಿಸಿದ್ದ. ಬೆನ್ನ ಹಿಂದೆಯೇ ಲಾರಿಯೊಂದು ಗಟ್ಟಿಯಾಗಿ ಹಾರನ್ ಹೊಡೆಯಿತು. ಹುಡುಗಿ ಬೆಚ್ಚಿದಳು, ಎಳನೀರು ಕೈಯಿಂದ ಬಿತ್ತು, ಅವಳೂ ಬಿದ್ದಳು. ಮತ್ತೆ ಕಣ್ಣು ಬಿಡಲಿಲ್ಲ.

ಇಷ್ಟನ್ನೂ ಅಂಗಡಿಯವರು ಕಣ್ಣಾರೆ ಕಂಡಿದ್ದರು. ಆದರೆ ಇಲ್ಲಿ ಹಾವು ಇರಲಿಲ್ಲ. ಡಾಂಬರು ರಸ್ತೆ, ಹಗಲು, ನೂರು ಜನ. ಹಾವಿಲ್ಲದಿದ್ದರೆ ಮನುಷ್ಯರೇ ಏನೋ ಮಾಡಿರಬೇಕು. 'ಎಳ್ನೀರ್ಗೆ ಏನ್ ಆಕ್ಕೊಟ್ನೋ ಬೋಳಿಮಗ' ಅಂತ, ಸುದ್ದಿ ತಿಳಿದು ಓಡಿಬಂದ ಯಜಮಾನ ಕ್ರಾಸಿನಲ್ಲೇ ಅಳಿಯನ ಕೊರಳಪಟ್ಟಿ ಹಿಡಿದ. ಹೊಸದಾಗಿ ಮದುವೆಯಾದ ಹೆಣ್ಣಾದ್ದರಿಂದ ಪೊಲೀಸರು ಬಂದರು. ಅಣ್ಣನ ವಿಷಯದಲ್ಲಿ ಯಾವುದನ್ನು ತಪ್ಪಿಸಲು ನಾನು ಸುಳ್ಳು ಬರೆದಿದ್ದೆನೋ, ಅದೇ ತಂಗಿಗೆ ಆಯಿತು. ಅವಳ ಎಳೆಯ ದೇಹವನ್ನು ಕುಯ್ದು ನೋಡಿದರು. ಗಂಡನನ್ನು ಒಳಗೆ ಹಾಕಿದರು.

ವಿಚಾರಣೆಯವರು ಹುಡುಗಿಯ ಆರೋಗ್ಯದ ದಾಖಲೆ ಬೇಕೆಂದು ನಮ್ಮ ಆಸ್ಪತ್ರೆಗೂ ಬಂದರು. ನನ್ನ ರಿಜಿಸ್ಟರು ತೆಗೆದುಕೊಂಡು ಹೋದರು. ಅದರಲ್ಲಿ ಎಲ್ಲ ಅಚ್ಚುಕಟ್ಟಾಗಿತ್ತು: ಅಣ್ಣ, ಹಾವು ಕಡಿತ. ತಂಗಿ, ಹಾವು ಕಡಿತ, ಗುಣಮುಖ. ವಂಶದಲ್ಲಿ ಕಾಯಿಲೆ ಇಲ್ಲ. ಕಾಯಿಲೆ ಇಲ್ಲದ ಗಟ್ಟಿಮುಟ್ಟು ಹುಡುಗಿ ಎಳನೀರು ಕುಡಿದು ಸತ್ತಳೆಂದರೆ ಅದರಲ್ಲಿ ವಿಷವಲ್ಲದೆ ಇನ್ನೇನು? ನನ್ನ ದುಂಡನೆಯ ಅಕ್ಷರ ಅವನ ವಿರುದ್ಧ ಸಾಕ್ಷಿ ಹೇಳುತ್ತಿತ್ತು.

ಒಳಗಿದ್ದ ಆ ಅಳಿಯ ಹುಡುಗನ ತಾಯಿ ಬೆಳ್ಳೂರು ಕಡೆಯಿಂದ ಬಸ್ಸು ಬದಲಿಸಿಕೊಂಡು ನನ್ನ ಉಪಕೇಂದ್ರಕ್ಕೆ ಬಂದಳು. ಮೆಟ್ಟಿಲ ಮೇಲೆ ಕೂತು, 'ನನ್ ಮಗ ಒಂದಿರ್ವೆನೂ ತುಳ್ದೋನಲ್ಲ ಕಣವ್ವ. ನಿನ್ ಪುಸ್ತಕದಲ್ಲಿ ಏನಾರ ಇದ್ರೆ ನೋಡಿ ಯೋಳವ್ವ' ಅಂದಳು. ನನ್ನ ಪುಸ್ತಕದಲ್ಲಿ ಏನೂ ಇರಲಿಲ್ಲ. ಇದ್ದದ್ದೆಲ್ಲ ನನ್ನ ತಲೆಯಲ್ಲಿತ್ತು.

ಆಗ ಹೋಗಿ ಹೇಳಿದೆ. ಇಷ್ಟು ತಡವಾಗಿ ಹೇಳುವುದಕ್ಕೆ ಧೈರ್ಯ ಅನ್ನುವುದಿಲ್ಲ. ವಿಚಾರಣೆಯ ಅಧಿಕಾರಿ ರಿಜಿಸ್ಟರನ್ನು ನನ್ನ ಮುಂದಿಟ್ಟು, 'ಇದೊಂದು ಹೇಳುತ್ತೆ, ನೀವೊಂದು ಹೇಳ್ತೀರಿ. ಯಾವುದನ್ನ ನಂಬಬೇಕು?' ಅಂದರು. 'ಅದು ಸುಳ್ಳು, ನಾನೇ ಬರೆದದ್ದು' ಅಂದೆ. ಪಾಂಡವಪುರದ ಗೆಳತಿಯೂ ಬಂದು ನಾಲೆಯ ಕತೆ ಹೇಳಿದಳು. ಒಡಲಿನಲ್ಲಿ ವಿಷ ಸಿಗಲಿಲ್ಲ ಅನ್ನುವ ವರದಿ ಎಷ್ಟೋ ತಿಂಗಳಾದ ಮೇಲೆ ಬಂತು. ಹುಡುಗ ಹೊರಗೆ ಬಂದ. ಬಂದವನು ಮೊದಲಿನ ಹುಡುಗನಾಗಿರಲಿಲ್ಲ, ಯಾರೊಂದಿಗೂ ಮಾತಿಲ್ಲ ಅಂತ ಕೇಳಿದೆ. ನೋಡಲು ಹೋಗುವ ಮುಖ ನನಗಿರಲಿಲ್ಲ. ಇಲಾಖೆಯವರು ನನಗೆ ನೋಟೀಸು ಕೊಟ್ಟು ಬೇರೆ ತಾಲ್ಲೂಕಿಗೆ ಎತ್ತಿ ಹಾಕಿದರು. ಅದೊಂದು ಶಿಕ್ಷೆಯೇ? ಹೊಸ ಜಾಗದಲ್ಲೂ ಅದೇ ಹಾಳೆ, ಅದೇ ಕಾಲಂಗಳು. ಮೊದಲ ತಿಂಗಳೇ ಒಂದು ಸಾವಿಗೆ 'ಇತರೆ: ಎಳೆಯ ವಯಸ್ಸು, ಹಠಾತ್ತನೆ ಕುಸಿದು' ಅಂತ ಬರೆದು, ಹಾಳೆಯ ಹಿಂದೆ ಪೂರ್ತಿ ವಿವರವನ್ನೂ ತುಂಬಿ ಕೊಟ್ಟೆ. ಅಲ್ಲಿನ ಗುಮಾಸ್ತ, 'ಇಂಥದ್ದಕ್ಕೆಲ್ಲ ಜಾಗ ಇಲ್ಲ ಕಣಮ್ಮ' ಅಂತ ಹೊಡೆದುಹಾಕಿ 'ಜ್ವರ' ಮಾಡಿದ.

ಡೇರಿ ಪಕ್ಕದ ಮನೆಯ ಆ ತಾಯಿ ಕೊನೆಯ ಮಗಳನ್ನು ಕರೆದುಕೊಂಡು ನನ್ನ ಹೊಸ ಊರಿಗೇ ಹುಡುಕಿಕೊಂಡು ಬಂದಳು. ಯಜಮಾನ ನನ್ನ ಹೆಸರೆತ್ತಿದರೆ ಉಗಿಯುತ್ತಿದ್ದನಂತೆ, ಅವನಿಗೆ ಹೇಳದೆ ಬಂದಿದ್ದಳು. ಮೈಸೂರಿಗೆ ಮೂವರೂ ಹೋದೆವು. ಶ್ರೀರಂಗಪಟ್ಟಣದಲ್ಲಿ ಪ್ರಶ್ನೆ ಕೇಳಿದ್ದ ಅದೇ ಡಾಕ್ಟರು ಕಾಗದದ ಪಟ್ಟಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಇವಳಿಗೂ ಇದೆ ಅಂದರು. ದಿನವೂ ಮಾತ್ರೆ ನುಂಗಬೇಕು, ಓಡುವಂತಿಲ್ಲ, ಈಜುವಂತಿಲ್ಲ. 'ಮೊದಲೇ ಬಂದಿದ್ದರೆ ಇವಳ ಅಕ್ಕನಿಗೂ ಇದೇ ಮಾತ್ರೆ ಕೊಡಬಹುದಿತ್ತು' ಅಂದರು. ಅವರು ಬೇಕೆಂದು ಹೇಳಿದ ಮಾತಲ್ಲ ಅದು. ತಾಯಿ ಮಾತ್ರೆಯ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಬರುವಾಗ ಶ್ರೀರಂಗಪಟ್ಟಣದಲ್ಲಿ ಬಸ್ಸು ಬದಲಿಸಬೇಕಿತ್ತು. ಬೆಂಚಿನ ಮೇಲೆ ಕೂತೆವು. ಮಗಳು ಕಡಲೆಪುರಿ ತಿನ್ನುತ್ತಿದ್ದಳು. ತಾಯಿ ಸೆರಗಿನ ಗಂಟನ್ನು ಮುಟ್ಟಿ ನೋಡಿಕೊಂಡು ಕೇಳಿದಳು.

'ಆಸ್ಪತ್ರೇಲಿ ಡಾಕ್ಟ್ರು ನಿಮ್ಮನ್ನ ಕೇಳುದ್ರಂತಲ್ಲ ಅವತ್ತು, ಆವೇನಾ ಅಂತ. ನಮ್ಮೆಜಮಾನ್ರು ಯೋಳುದ್ರು. ನಿಮ್ಗೆ ಅವತ್ತೇ ಗೊತ್ತಿತ್ತಾ?'

'ಗೊತ್ತಿತ್ತು' ಅಂದೆ.

'ಮತ್ಯಾಕೆ ಯೋಳ್ನಿಲ್ಲ?'

'ನಿಮ್ಮ ಯಜಮಾನ್ರು ಅಲ್ಲೇ ನಿಂತಿದ್ರು. ಅವರ ಮುಖ ನೋಡಿ ಬಾಯಿ ಬರಲಿಲ್ಲ ಕಣವ್ವ.'

ಅವಳು ಸಿಟ್ಟಾಗಲಿಲ್ಲ. ಮಗಳ ಲಂಗದ ಮೇಲೆ ಬಿದ್ದಿದ್ದ ಪುರಿಯನ್ನು ಒಂದೊಂದಾಗಿ ಆರಿಸಿ ತೆಗೆದಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು:

'ಮಂಚದ್ ಮ್ಯಾಲೆ ನನ್ ಮಗ್ಳೂ ಮಲ್ಗಿದ್ಲಲ್ಲ ನರ್ಸಮ್ಮ. ಅವಳ ಮೊಕಾನೂ ಒಂದ್ಸಲ ನೋಡ್ಬೇಕಾಗಿತ್ತು.'